ಖಾಲಾ ಹೇಳಲಾಗದೆ ಹೋದ ಮಾತು

ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕರಿಯುವ ವಾಸನೆ… ನಿನ್ನೆ ಅಫಜಲಪುರದ ನಮ್ಮ ಓಣಿಯಲ್ಲಿ ಯಾರೋ ಆ ಎಣ್ಣೆ ಕಾಯಿಸುತ್ತಿದ್ದರು. ಒಂದು ಕಾಲಕ್ಕೆ ನಾನೂ ದಿನಾ ಕಾಯಿಸುತ್ತಿದ್ದೆ, ಪಕ್ಕದ ಮನೆಯ ಖಾಲಾ ಅವರ ಸೋತ ಕೈಗೆ ತಿಕ್ಕಲು.

ರಕ್ತಸಂಬಂಧವೇನಿರಲಿಲ್ಲ. ಚಿಕ್ಕಂದಿನಿಂದ ಖಾಲಾ ಎಂದು ಕರೆದಿದ್ದೆ, ಚಿಕ್ಕಮ್ಮನಂತೆಯೇ ಇದ್ದರು. ತವರೂರು ಅತನೂರಿನ ಕನ್ನಡ ಶಾಲೆಯಲ್ಲಿ ಕಲಿತವರು. ದಿನಕ್ಕೊಂದು ಪದ ಊಹಿಸುವ ಆಟವನ್ನು ಅವರ ಫೋನಿಗೆ ಹಾಕಿಕೊಟ್ಟವಳು ನಾನೇ. ನಾಲ್ಕು ಅಕ್ಷರದ ಪದ, ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಜಾಗ ತಪ್ಪಿದ್ದರೆ ಹಳದಿ. ಬೆಳಗಿನ ಚಹಾ ಮುಗಿಸಿ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು.

“ಮೊದ್ಲ ಅರಮನೆ ಅಂತ ಹಾಕು ಬೇಟಿ. ನಾಕೂ ಅಕ್ಷರ ಬ್ಯಾರೆ ಬ್ಯಾರೆ ಅದಾವ. ಯಾವ್ದು ಹತ್ತತದ ನೋಡು. ಒತ್ತು, ದೀರ್ಘ ಆಮ್ಯಾಲ.”

ಇಲ್ಲವೆಂದ ಅಕ್ಷರವನ್ನೇ ನಾನು ಮತ್ತೆ ಹಾಕಿದರೆ ತೊಡೆ ಚಿವುಟುತ್ತಿದ್ದರು. “ಇಲ್ಲ ಅಂತ ಹೇಳ್ಯಾದಲ್ಲ, ಮತ್ತ ಯಾಕ ಅದಕ್ಕ ಜೋತು ಬೀಳ್ತಿ?” ಅವರಿಗಿಂತ ಮೊದಲು ನಾನು ಬಿಡಿಸಿದ ದಿನ ಮಧ್ಯಾಹ್ನದ ತನಕ ಮಾತೇ ಇಲ್ಲ.

ಆಮೇಲೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಬಂದಾಗ ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಬಾಯಲ್ಲಿ ‘ಕ’ ಒಂದೇ ಉಳಿದಿತ್ತು. ಕ… ಕ… ಎನ್ನುತ್ತ ಎಡಗೈಯಿಂದ ಹಾಸಿಗೆ ಬಡಿಯುತ್ತಿದ್ದರು. ಏನೋ ಬೇಕಾಗಿತ್ತು.

“ಕನ್ನಡಕ? ಕೌದಿ? ಕಿಟಕಿ ತೆಗೀಲೇನು?” ಚಾಚಾ, ಅವರ ಗಂಡ, ಕೇಳುತ್ತಲೇ ಇದ್ದರು. ಉರ್ದುವಿನಲ್ಲಿಯೂ ಕೇಳಿದರು. ಎಲ್ಲದಕ್ಕೂ ಖಾಲಾ ಅಲ್ಲವೆಂದು ತಲೆಯಾಡಿಸಿದರು.

ಒಂದು ದಿನ ಪಾಟಿಯ ಮೇಲೆ ಅಕ್ಷರಮಾಲೆ ಬರೆದು ಹಿಡಿದೆ. “ಕ ಆದ್ಮ್ಯಾಲ ಯಾವ್ದು, ತೋರಸ್ರಿ ಖಾಲಾ.” ಬಹಳ ಹೊತ್ತು ನೋಡಿದರು. ರ ಮುಟ್ಟಿದರು, ಮ ಮುಟ್ಟಿದರು, ಮತ್ತೆ ರ… ಕೊನೆಗೆ ಅಂಗೈಯಿಂದ ಎಲ್ಲವನ್ನೂ ಒರೆಸಿಬಿಟ್ಟರು. ಮಾತಿನ ಜೊತೆ ಓದೂ ಹೋಗಿರಬಹುದೆಂದು ಡಾಕ್ಟರು ಹೇಳಿದ್ದರು, ನಾನು ನಂಬಿರಲಿಲ್ಲ. ಆ ಅಕ್ಷರಗಳು ಈಗ ಅವರಿಗೆ ಬರಿಯ ಗೀರುಗಳಾಗಿದ್ದವು.

ಬರಬರುತ್ತ ಆ ‘ಕ’ ಕೂಡ ನಿಂತಿತು. ನಾವು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ತೊಗರಿ ಹೂವಿಗೆ ಬಂದ ಹೊತ್ತಿಗೆ ತೀರಿಕೊಂಡರು. ಅಫಜಲಪುರದಲ್ಲೇ ಮಣ್ಣು ಮಾಡಿದೆವು.

ಚಾಚಾ ಈಗ ಜೇವರ್ಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆಯ ವಾಸನೆ ಮನಸ್ಸು ಬಿಡದೆ ಇವತ್ತು ನೋಡಲು ಹೋಗಿದ್ದೆ. ಚಹಾ ಕುಡಿಸಿದರು, ಓಣಿಯವರನ್ನೆಲ್ಲ ವಿಚಾರಿಸಿದರು. ಹೊರಡಲು ಎದ್ದಾಗ ಕೈ ಹಿಡಿದರು.

“ಬೇಟಿ, ಆಕಿ ಕಬರ್ ಅಂದಿದ್ಳೇನು? ಅತನೂರಾಗ ತನ್ನವ್ವನ ಬಾಜೂಕ ಕಬರ್ ತೋಡಿ ಮಣ್ಣ ಮಾಡ್ರಿ ಅಂತ?”

“ಗೊತ್ತಿಲ್ರಿ ಚಾಚಾ.”

ಅವರು ಇನ್ನೂ ಊಹಿಸುತ್ತಲೇ ಇದ್ದರು. ಹೌದೋ ಅಲ್ಲವೋ ಎಂದು ತಲೆಯಾಡಿಸುವವರು ಇಲ್ಲ…