ಬ್ಯಾಂಡೇಜಿನೊಳಗಿನ ಚೇಳು

ನನ್ನ ಮೊದಲ ಮೊಮ್ಮಗಳು ಹುಟ್ಟಿದ್ದು ಒಮಾನ್ ದೇಶದ ಬರ್ಕಾದಲ್ಲಿ, ತೊಂಬತ್ತರ ದಶಕದಲ್ಲಿ. ಅಳಿಯ ರುಸೈಲಿನ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತ. ನಾಲ್ಕನೇ ಕ್ಲಾಸು ದಾಟದ ನಾನು ಮಗಳ ಬಾಣಂತನಕ್ಕೆಂದು ವಿಮಾನ ಹತ್ತಿದೆ. ಮಗುವನ್ನು ಕಂಡದ್ದೇ ತಡ, ನನ್ನ ಬಾಯಿ ನಿಲ್ಲಲಿಲ್ಲ. ಕಿವಿ ನನ್ನದು, ಹಣೆ ನನ್ನದು, ಅಳುವ ಜೋರೂ ನನ್ನದೇ!

ನನಗಿದ್ದ ಆಸೆ ಒಂದೇ. ಕಾಲು ಚಾಚಿ, ಅದರ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ ಮೀಯಿಸಬೇಕು. ನನ್ನ ಮಕ್ಕಳೆಲ್ಲ ಮಿಂದದ್ದು ನನ್ನ ಅಮ್ಮನ ಕಾಲ ಮೇಲೆ.

ಆದರೆ ನನ್ನ ಬಲ ಮುಂಗೈ ತುಂಬ ಹಚ್ಚೆ. ಹತ್ತು ವರ್ಷದವಳಿದ್ದಾಗ ಮನೆ ಮನೆ ತಿರುಗುವ ಹೆಂಗಸೊಬ್ಬಳು ಚುಚ್ಚಿದ್ದು: ಒಂದು ಚೇಳು, ಸುತ್ತ ಚುಕ್ಕಿಗಳು. ಸತ್ತರೆ ಜೊತೆಗೆ ಬರುವುದು ಇದೊಂದೇ ಎನ್ನುತ್ತಿದ್ದಳು ಅಮ್ಮ.

"ಅಮ್ಮ, ಆಫೀಸಿನವರ ಹೆಂಡತಿಯರು ಮಗು ನೋಡ್ಲಿಕ್ಕೆ ಬರ್ತಾರೆ," ಎಂದಳು ಮಗಳು, ನನ್ನ ಮುಖ ನೋಡದೆ. "ಆ ಕೈಗೊಂದು ಬ್ಯಾಂಡೇಜು ಕಟ್ತೇನೆ. ಕೇಳಿದ್ರೆ ಸುಟ್ಟದ್ದು ಅಂತ ಹೇಳು, ಆಯ್ತಾ?"

ಹೇಳಿದೆ. ಬಂದವರು ಅಯ್ಯೋ ಪಾಪ ಎಂದರು. ಆದರೆ ಸುಟ್ಟ ಕೈಗೆ ನೀರು ತಾಗಬಾರದಲ್ಲ! ಮೇಲಿನ ಫ್ಲ್ಯಾಟಿನ ಹೆಂಗಸು ಮರುದಿನವೇ ಸೀರೆ ಎತ್ತಿ ಕಟ್ಟಿ ಬಂದಳು. "ನೀವು ಕೂತ್ಕೊಳ್ಳಿ ಅಮ್ಮ, ಮಗುವನ್ನು ನಾನು ಮೀಯಿಸ್ತೇನೆ." ಮಗು ಅವಳ ಕಾಲ ಮೇಲೆ, ನಾನು ಟವೆಲ್ ಹಿಡಿದು ಬಾಗಿಲಲ್ಲಿ. ಹೀಗೆ ಎಂಟು ದಿನ.

ಒಂಬತ್ತನೆಯ ದಿನ ಅಳಿಯನ ಜೊತೆ ಪೇಟೆಗೆ ಹೋದೆ, ಮಗುವಿನ ಕಿವಿಗೆ ಚಿನ್ನದ ರಿಂಗು ನೋಡಲು. ನಾವಿದ್ದಾಗಲೇ ಅಂಗಡಿಯಲ್ಲಿ ಒಂದು ಬಳೆ ಕಾಣದಾಯಿತು. ಪೊಲೀಸ್ ಬಂದ. ಅವನ ಕಣ್ಣು ನೆಟ್ಟಗೆ ನನ್ನ ಬ್ಯಾಂಡೇಜಿಗೆ.

"ಖೋಲೋ!" ಬಿಚ್ಚು ಎಂದ, ಹರಕು ಹಿಂದಿಯಲ್ಲಿ.

ಎಲ್ಲರೆದುರು ಬಿಚ್ಚಿದೆ. ಬಳೆ ಇರಲಿಲ್ಲ. ಸುಟ್ಟ ಗಾಯವೂ ಇರಲಿಲ್ಲ. "ಇಂಥ ಗುರುತು ಜೈಲಿನವರಿಗೇ ಇರೋದು," ಎಂದು ಗಿರಾಕಿಯೊಬ್ಬ ಹಿಂದಿಯಲ್ಲಿ ಹೇಳಿ ನಕ್ಕ.

ಗಾಯವಿಲ್ಲದೆ ಬ್ಯಾಂಡೇಜು ಯಾಕೆಂದು ನನ್ನನ್ನು ಠಾಣೆಗೆ ಕರೆದೊಯ್ದು ನೆಲದ ಮೇಲೆ ಕೂರಿಸಿದರು. ಚಿತ್ರ ಅಳಿಸುತ್ತದೋ ಎಂದು ಆ ಪೊಲೀಸ್ ಒದ್ದೆ ಬಟ್ಟೆಗೆ ಸೋಪು ಹಚ್ಚಿ ನನ್ನ ಕೈ ಉಜ್ಜಿದ. ಹೋಗದಿದ್ದಾಗ ಉಗುರಿನಿಂದ ಕೆರೆದ. ಚರ್ಮ ಕಿತ್ತು ಬಂತು. ಅಳಿಯ "ಸಾರ್, ಸಾರ್" ಎಂದರೆ ಅವನನ್ನು ಹೊರಗೆ ದಬ್ಬಿದರು.

ಏನೋ ಕಾಗದದ ಕೆಲಸಕ್ಕೆ ಬಂದಿದ್ದ ಒಮಾನಿ ಅಜ್ಜಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆಯೇ ಕೂತಳು. ಮುಖಕ್ಕೆ ಕಟ್ಟಿದ್ದ ಮುಸುಕನ್ನು ತುಸು ಎತ್ತಿದಳು. ಗಲ್ಲದ ಮೇಲೆ ಮೂರು ನೀಲಿ ಚುಕ್ಕಿ! ನನ್ನ ಚೇಳಿನ ಮೇಲೆ ಬೆರಳಾಡಿಸಿ, ಪೊಲೀಸನತ್ತ ತಿರುಗಿ ಅರಬಿಯಲ್ಲಿ ಏನೇನೋ ಬೈದಳು. ಮಾತು ನನಗೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಅವನು ಬಟ್ಟೆ ಕೆಳಗಿಟ್ಟ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು: ಬಳೆ ಪೆಟ್ಟಿಗೆಯ ಅಡಿಯಲ್ಲೇ ಇತ್ತಂತೆ. "ಖಲಾಸ್, ಹೋಗು," ಎಂದ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

ಮನೆಯಲ್ಲಿ ಮಗಳು ನನ್ನ ಕೈ ನೋಡಿದಳು. ತೆಂಗಿನೆಣ್ಣೆ ಹಚ್ಚುತ್ತ ಅತ್ತಳು. "ನಾನು ಕಟ್ಟದಿದ್ರೆ ಹೀಗಾಗ್ತಿರ್ಲಿಲ್ಲ ಅಮ್ಮ."

"ಬಿಡು ಮಾರಾಯ್ತಿ, ಚೇಳು ಗಟ್ಟಿ ಉಂಟು," ಎಂದೆ.

ಬೆಳಿಗ್ಗೆ ಮೇಲಿನವಳು ಬಂದಾಗ ಮಗಳು ಬಾಗಿಲಲ್ಲೇ ನನ್ನ ಕೈ ಹಿಡಿದೆತ್ತಿ ತೋರಿಸಿದಳು. "ಸುಟ್ಟದ್ದಲ್ಲ, ಹಚ್ಚೆ. ನಾನೇ ಸುಳ್ಳು ಹೇಳಿಸಿದ್ದು. ಇನ್ನು ಅಮ್ಮನೇ ಮೀಯಿಸ್ತಾರೆ."

"ನನ್ನ ಅಜ್ಜಿಗೂ ಇತ್ತು!" ಎಂದಳು ಅವಳು. "ಮೊದ್ಲೇ ಹೇಳ್ಬಾರ್ದಾ? ನನ್ನ ಸೊಂಟ ಬಿದ್ದುಹೋಯ್ತು."

ಕಾಲು ಚಾಚಿ ಕೂತೆ. ಕೆರೆದ ಜಾಗಕ್ಕೆ ಬಿಸಿನೀರು ಬಿದ್ದು ಚುರ್ ಎಂದಿತು, ಎನ್ನಲಿ. ನನ್ನ ಬಂಗಾರ ಎಣ್ಣೆಯಲ್ಲಿ ಜಾರುತ್ತ, ಕಿರುಚುತ್ತ, ಪುಟ್ಟ ಮುಷ್ಟಿಯಲ್ಲಿ ಆ ಚೇಳನ್ನೇ ಹಿಡಿಯಲು ನೋಡುತ್ತಿತ್ತು.