ರುಕ್ಮವ್ವನ ಮೇಲ್ಗಲ್ಲು

ಕಾಖಂಡಕಿಯ ರುಕ್ಮವ್ವನಿಗೆ ಗಂಡನ ಮೇಲೆ ಇದ್ದದ್ದು ಒಂದೇ ದೂರು, ಅದೂ ಮದುವೆಯಷ್ಟೇ ಹಳೆಯದು. ಕಲ್ಲು ಕಡಿಯುವ ಮನೆತನದ ಮಲಕಾಜಪ್ಪ ಅವಳಿಗೆ ಬೀಸುವ ಕಲ್ಲನ್ನು ಅರ್ಧ ಮಾತ್ರ ತಂದುಕೊಟ್ಟಿದ್ದ.

ಆ ಮನೆತನದಲ್ಲಿ ಒಂದು ರೂಢಿ ಇತ್ತು. ಮದುಮಗ ತನ್ನ ಕೈಯಾರೆ ಕೆಳಗಲ್ಲು, ಮೇಲ್ಗಲ್ಲು ಎರಡನ್ನೂ ಕಡಿದು, ಅಂಚಿಗೆ ಹೂವು ಕೊರೆದು ಹೆಣ್ಣಿನವರಿಗೆ ತೋರಿಸಬೇಕು. ಕಡಿಯುವಾಗ ಕಲ್ಲು ಒಡೆದರೆ ಸಂಬಂಧವನ್ನೇ ಮುರಿಯುತ್ತಿದ್ದರು. ಆ ಹೆಣ್ಣು ಆ ಮನೆಯಲ್ಲಿ ಬಾಳುವುದಿಲ್ಲವಂತೆ. ಮಲಕಾಜಪ್ಪ ಕೆಳಗಲ್ಲು ತಂದ. ಮೇಲ್ಗಲ್ಲು ಅರ್ಧ ಕಡಿದಿದ್ದೇನೆ, ಅಷ್ಟರಲ್ಲಿ ಗುಡ್ಡದ ಕಲ್ಲಿನ ಖಣಿಗೆ ನೀರು ನುಗ್ಗಿತು, ಬೇಸಿಗೆಗೆ ತರುತ್ತೇನೆ ಎಂದ. ಹಿರಿಯರು ನಂಬಿದರು, ಹೆಣ್ಣು ಕೇಳಿ ಬಂದಿದ್ದ ಟಿಕೋಟಾದವರನ್ನು ವಾಪಸು ಕಳಿಸಿದರು. ನೆರೆಮನೆಯ ಗೌರಾಬಾಯಿಯ ಅತ್ತೆ ತಮ್ಮದೊಂದು ಮೇಲ್ಗಲ್ಲನ್ನು ಅಲ್ಲಿಯವರೆಗೆ ಕೊಟ್ಟಳು. ಬೇಸಿಗೆಗಳು ಬಂದುಹೋದವು, ಖಣಿಯೂ ಮುಚ್ಚಿತು, ಮಲಕಾಜಪ್ಪ ಒಕ್ಕಲುತನಕ್ಕೆ ನಿಂತ. ಕಲ್ಲು ಮಾತ್ರ ಗುಡ್ಡ ಇಳಿಯಲಿಲ್ಲ.

ರುಕ್ಮವ್ವನೇನು ಬಾಯಿಗೆ ಬೀಗ ಹಾಕಿಕೊಳ್ಳುವ ಹೆಂಗಸಲ್ಲ. ದಿನಾ ನಸುಕಿನಲ್ಲಿ ಬೀಸುವ ಹಾಡಿನೊಳಗೆ ಗಂಡನನ್ನು ಎಳೆದು ತರುತ್ತಿದ್ದಳು:

“ಅರ್ಧ ಕಲ್ಲ ತಂದಾನ ನನ ರಾಯ, ಇನ್ನರ್ಧ
ನಿದ್ದಿಗಣ್ಣಾಗ ಮರತು ಬಂದಾನ.”

ಪಡಸಾಲೆಯಲ್ಲಿ ಮಲಗಿದ ಮಲಕಾಜಪ್ಪ ಕೇಳಿ ಮಗ್ಗುಲು ಬದಲಿಸುತ್ತಿದ್ದ. ಓಣಿಯ ಸೊಸೆಯಂದಿರಿಗೆಲ್ಲ ಆ ಸಾಲು ಬಾಯಿಪಾಠವಾಗಿತ್ತು.

ಹತ್ತೊಂಬತ್ತುನೂರ ಅರವತ್ತೆರಡರ ಸುಮಾರಿಗೆ ಬಬಲೇಶ್ವರದಲ್ಲಿ ಹಿಟ್ಟಿನ ಗಿರಣಿ ಶುರುವಾಯಿತು. ಅದೇ ವರ್ಷ ಗೌರಾಬಾಯಿಯ ಮನೆ ಪಾಲಾಗಿ, ಅವಳ ಮೈದುನ ಆ ಎರವಲು ಮೇಲ್ಗಲ್ಲನ್ನು ವಾಪಸು ಕೇಳಿದ. ಗಿರಣಿಗೆ ಹೋಗು ಎಂದು ಎಲ್ಲರೂ ಬುದ್ಧಿ ಹೇಳಿದರು. ರುಕ್ಮವ್ವನಿಗೆ ತನ್ನ ಕಲ್ಲೇ ಬೇಕಿತ್ತು. ಅರ್ಧ ಕಡಿದದ್ದು ಗುಡ್ಡದಲ್ಲಿದ್ದರೆ ಉಳಿದರ್ಧ ಯಾರಾದರೂ ಕಡಿದಾರು ಎಂದು ಅವಳ ಲೆಕ್ಕ.

“ಅಲ್ಲಿ ಹಾವ ಅದಾವ. ಹೋಗಬ್ಯಾಡ ಬೇ,” ಎಂದ ಮಲಕಾಜಪ್ಪ.

“ಕಲ್ಲಂತೂ ಕಾಣಲಿಲ್ಲ, ಹಾವಾದ್ರೂ ಕಣ್ಣಿಗೆ ಬೀಳ್ತಾವ ಬಿಡ್ರಿ.”

ಸೋಮವಾರ ಎತ್ತು ಹೂಡುವುದಿಲ್ಲ. ಗಂಡ ಬಸವಣ್ಣನ ಗುಡಿಯ ಕಟ್ಟೆಗೆ ಹೋದದ್ದೇ ತಡ, ಅವಳು ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ನಮ್ಮ ಕಡೆ ದಿಬ್ಬಕ್ಕೂ ಗುಡ್ಡ ಎನ್ನುತ್ತೇವೆ, ಆದರೂ ಏದುಸಿರು ಬಂತು. ಬಾದಶಾಹಿ ಕಾಲದಲ್ಲಿ ವಿಜಾಪುರಕ್ಕೆ ಇಲ್ಲಿಂದಲೇ ಕಲ್ಲು ಹೋಗುತ್ತಿತ್ತೆಂದು ಊರಿನ ಮಾತು. ಬಂಡೆಯ ಮೇಲೆ ಬಂಡಿಗಾಲಿಗಳು ಸವೆಸಿದ ಜಾಡು ಇನ್ನೂ ಇತ್ತು. ಬೆಣೆ ಬಡಿಯಲು ಕೊರೆದ ತೂತುಗಳ ಸಾಲು, ನೆಲದಿಂದ ಬಿಡಿಸದೆ ಬಿಟ್ಟ ಕಂಬ, ಮಾಡು ಬಿದ್ದ ಗುಡಿಸಲುಗಳ ಗೋಡೆ, ತಳದಲ್ಲಿ ಹಸಿರು ನೀರು. ದಾರಿ ತೋರಿಸುವವರಿಲ್ಲ. ಒಂದೊಂದು ಗುಂಡಿಯನ್ನೂ ಸಂತೆಯಲ್ಲಿ ಗಡಿಗೆ ನೋಡುವಂತೆ ಬಗ್ಗಿ ನೋಡುತ್ತ ನಡೆದಳು.

ಮೂಲೆಯೊಂದರಲ್ಲಿ ಕಲ್ಲಿನ ಚಕ್ಕೆಗಳನ್ನು ಯಾರೋ ಬೇಕೆಂದೇ ಒಟ್ಟಿದ್ದರು. ಚಕ್ಕೆ ಸರಿಸಿದಾಗ ಮೇಲ್ಗಲ್ಲು ಸಿಕ್ಕಿತು, ಕಾಳು ಹಾಕುವ ಬಾಯಿಯ ಹತ್ತಿರ ಎರಡು ಹೋಳಾಗಿತ್ತು. ಅಂಚಿನಲ್ಲಿ ಹೂವು. ಮನೆಯ ಕೆಳಗಲ್ಲಿನ ಹೂವಿನಂತೆಯೇ ಇದಕ್ಕೂ ಒಂದು ಎಸಳು ಸೊಟ್ಟ. ಅದರ ಕೆಳಗೆ ಇನ್ನೊಂದು, ಅದೂ ಒಡೆದದ್ದು. ಅದರ ಕೆಳಗೆ ಮತ್ತೊಂದು. ಎಲ್ಲಕ್ಕೂ ಅದೇ ಸೊಟ್ಟ ಹೂವು.

ರುಕ್ಮವ್ವ ಅಲ್ಲೇ ಕುಳಿತಳು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಚಕ್ಕೆಗಳನ್ನು ಮೊದಲಿದ್ದ ಹಾಗೆಯೇ ಒಟ್ಟಿ, ಬರಿಗೈಯಲ್ಲಿ ಇಳಿದು ಬಂದಳು.

ಮರುದಿನ ಎರವಲು ಕಲ್ಲನ್ನು ಗೌರಾಬಾಯಿಯ ಮೈದುನನಿಗೆ ಮುಟ್ಟಿಸಬೇಕಿತ್ತು. ನಸುಕಿನಲ್ಲಿ ಕೊನೆಯ ಸಲ ಜೋಳ ಬೀಸಿದಳು. ಹಾಡು ಮುಗಿಯಿತು. ಪಡಸಾಲೆಯಿಂದ ಮಲಕಾಜಪ್ಪ ಕೇಳಿದ:

“ಯಾಕ, ಇವತ್ತ ಹಾಡಿನಾಗ ನಾ ಬರಲಿಲ್ಲಲ್ಲ?”

“ನಿನ್ನೆ ಗುಡ್ಡಕ್ಕ ಹೋಗಿದ್ನಿ.”

ಅವನು ಎದ್ದು ಕುಳಿತ. ರುಕ್ಮವ್ವ ಹಿಟ್ಟು ಬಳಿಯುತ್ತ ಕೇಳಿದಳು:

“ಮೊದಲನೇದ್ದು ಒಡದಾಗನ ಹೇಳಬಾರದಿತ್ತೇನ್ರಿ?”

“ಹೇಳಿದ್ರ ನಿಮ್ಮಪ್ಪ ನಿನ್ನ ಟಿಕೋಟಾದವರಿಗೆ ಕೊಡತಿದ್ದ.”

ರುಕ್ಮವ್ವನ ಕಣ್ಣು ತುಂಬಿತು. ಹಿಟ್ಟಿನ ಕೈಯಿಂದಲೇ ಒರೆಸಿಕೊಂಡಳು.

“ಅದಕ್ಕ ಇಷ್ಟ ವರ್ಷ ಸುಮ್ನ ಬೈಸ್ಕೊಂಡ್ರಿ?”

“ಬೈಯಾಕ ನೀ ಇದ್ದಿ ಅಲ್ಲ,” ಎಂದ ಮಲಕಾಜಪ್ಪ.