ಎಡಗಡೆ ಸೀಟಿನ ಕೆಳಗಿನ ಡಗ್ಗಾ

ನಿಮ್ಮ ತಾತ ನಮ್ಮ ಕಾರಿನಲ್ಲಿ ಬಹಳ ಕಾಲ ಡ್ರೈವರನ ಹಾಗೆಯೇ ಓಡಾಡಿದರು. ಮುಂದೆ ಅವರೊಬ್ಬರೇ, ಹಿಂದೆ ನಾನು. ಡೆಲ್ಲಿಯ ದ್ವಾರಕಾದಲ್ಲಿ ನಮ್ಮ ಸೊಸೈಟಿಗೆ ಹೊಸದಾಗಿ ಬಂದ ಗಾರ್ಡ್ ಒಬ್ಬ ಗೇಟಿನಲ್ಲಿ ತಡೆದು, "ಮೇಡಂ ಯಾರ ಮನೆಗೆ ಹೋಗಬೇಕು?" ಎಂದು ತಾತನನ್ನೇ ಕೇಳಿದ್ದ. ತಾತ ನಕ್ಕು, "ನಮ್ಮ ಮನೆಗೇ ಬರ್ತಾರೆ ಭಯ್ಯಾ" ಎಂದರು. ಈ ಕಥೆ ಮೂರನೇ ಮಹಡಿಯ ಕನ್ನಡದವರ ಮನೆಗೂ ಹೋಯಿತು. ಆಮೇಲೆ ಆ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, "ಏನ್ರೀ, ಇವತ್ತು ನಿಮ್ಮ ಡ್ರೈವರಿಗೆ ರಜವಾ?" ಎಂದು ಕಾಡುವುದು.

ಮುಂದಿನ ಸೀಟು ಮೊದಲು ನನ್ನ ಅತ್ತೆಯದಾಗಿತ್ತು. ಅವರಿಗೆ ಮಂಡಿನೋವು, ಕಾಲು ಚಾಚಲು ಜಾಗ ಬೇಕಿತ್ತು. ಅವರು ಹೋದ ಮೇಲೂ ನಾನು ಹಿಂದೆಯೇ ಉಳಿದೆ. ಗಂಡನ ಪಕ್ಕದಲ್ಲಿ, ದೊಡ್ಡ ಗಾಜಿನ ಹಿಂದೆ, ದಾರಿಯವರೆಲ್ಲ ನೋಡುವ ಹಾಗೆ ಕೂರುವುದೆಂದರೆ ನನಗೆ ಮೈಯೆಲ್ಲ ಮುದುಡಿಹೋಗುತ್ತಿತ್ತು. ನಮ್ಮೂರಿನಲ್ಲಿ ಗಾಡಿ ಹೂಡಿದರೆ ಮುಂದೆ ಗಂಡಸರು, ಹಿಂದೆ ಹುಲ್ಲಿನ ಮೇಲೆ ಹೆಂಗಸರು. ಡೆಲ್ಲಿಗೆ ಬಂದು, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಿಮ್ಮಪ್ಪನನ್ನು ಬೆಳೆಸಿ, ತರಕಾರಿಯವನ ಹತ್ತಿರ ಹಿಂದಿಯಲ್ಲಿ ಜಗಳವಾಡುವುದನ್ನೂ ಕಲಿತೆ. ಆ ನಾಚಿಕೆ ಮಾತ್ರ ಹೋಗಲಿಲ್ಲ.

ತಾತನಿಗೋ ನಾನು ಪಕ್ಕದಲ್ಲಿ ಕೂರಬೇಕೆಂಬ ಆಸೆ. ಕೆಲಸದಲ್ಲಿದ್ದಷ್ಟು ಕಾಲ ಅವರು ಆಫೀಸಿನ ಬಸ್ಸಿನಲ್ಲಿ, ನಾನು ಅಡುಗೆಮನೆಯಲ್ಲಿ. ರಿಟೈರಾದ ಮೇಲೆ ಹಳೆಯ ಕಾರೊಂದನ್ನು ಕೊಂಡದ್ದೇ ಜೊತೆಯಾಗಿ ಓಡಾಡಲು.

"ಹಿಂದೆ ತಿರುಗಿ ತಿರುಗಿ ಮಾತಾಡಿ ಕತ್ತು ನೋಯುತ್ತೆ ಕಣೇ," ಎನ್ನುವರು.

"ಹಾಗಾದ್ರೆ ಮಾತಾಡಬೇಡಿ. ರಸ್ತೆ ನೋಡಿ," ಎನ್ನುವೆ.

ಅವರು ಜೋರು ಮಾಡುವವರಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು, ಅಷ್ಟೇ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ನಮ್ಮೂರ ಹನುಮಂತನ ಗುಡಿಯಲ್ಲಿ ಶನಿವಾರ ಶನಿವಾರ ಭಜನೆ. ಅಪ್ಪ ತಬಲಾ ಬಾರಿಸುತ್ತಿದ್ದರು. ತಬಲಾ ಜೋಡಿಯಲ್ಲಿ ಎಡಗೈಯ ಕೆಳಗಿರುವ ದೊಡ್ಡದಕ್ಕೆ ಡಗ್ಗಾ ಎನ್ನುತ್ತಾರೆ. ಅದರ ಮೇಲೆ ಅಪ್ಪ ಅಂಗೈ ಒತ್ತಿ ಜಾರಿಸಿದರೆ ಗುಂಯ್ ಎಂದು ದನಿ ಮೇಲೇಳುತ್ತಿತ್ತು. ಹೆಣ್ಣುಮಕ್ಕಳು ಒಳಗೆ ಕೂರುತ್ತಿರಲಿಲ್ಲ. ನಾನು ಹೊರಗೆ ಗುಡಿಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಹಾಡು ಕಿವಿಗೆ ಬರುತ್ತಿತ್ತು, ಡಗ್ಗಾ ಮಾತ್ರ ಗೋಡೆಯೊಳಗಿನಿಂದ ಬಂದು ಬೆನ್ನಿಗೆ ತಟ್ಟುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಇದನ್ನು ನಿಮ್ಮ ತಾತನಿಗೆ ಹೇಳಿದ್ದೆ. ಹೇಳಿ ಮರೆತೂ ಬಿಟ್ಟಿದ್ದೆ.

ಮಾವನ ಮನೆಗೆ ಬಂದ ಅಳಿಯನನ್ನು ಅಪ್ಪ ಒಂದು ಶನಿವಾರ ಭಜನೆಗೆ ಕೂರಿಸಿ ಕೈಗೆ ತಾಳ ಕೊಟ್ಟರು. ನಿಮ್ಮ ತಾತನಿಗೂ ತಾಳಕ್ಕೂ ಹುಟ್ಟಿನಿಂದಲೇ ಆಗಿಬರದು. ಅರ್ಧ ಹಾಡಿಗೇ ಅಪ್ಪ ಮೆಲ್ಲಗೆ ತಾಳ ವಾಪಸು ತೆಗೆದುಕೊಂಡು, "ಅಳಿಯಂದಿರು ಟೇಪು ನೋಡಿಕೊಳ್ಳಲಿ, ಅದೇ ದೊಡ್ಡ ಸೇವೆ," ಎಂದರಂತೆ. ಹಾಗೆ ಉಳಿದದ್ದು ಅಂದಿನ ಭಜನೆಯ ರೆಕಾರ್ಡಿಂಗು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ನಿಮ್ಮಪ್ಪ ಆ ಕ್ಯಾಸೆಟ್ಟನ್ನು ಸಿಡಿಗೆ ಹಾಕಿಸಿಕೊಟ್ಟ. ಕಾರಿನಲ್ಲಿ ಹಾಕಿದೆವು. ಹಾರ್ಮೋನಿಯಂ ಬಂತು, ತಾಳ ಬಂತು, ಊರವರ ಗಂಟಲೆಲ್ಲ ಬಂತು. ಡಗ್ಗಾ ಇಲ್ಲ.

"ನಿಮ್ಮಪ್ಪ ಎಲ್ಲಿ ಹೋದ್ರು ಕಣೇ?" ಎಂದು ತಾತ ನನ್ನನ್ನು ಕೇಳಿದರು.

ಆಗ ನನ್ನ ಮಗ, ಅಂದರೆ ನಿಮ್ಮಪ್ಪ, ಹೇಳಿದ, ಬಾಗಿಲಿನ ಚಿಕ್ಕ ಸ್ಪೀಕರುಗಳಿಗೆ ಅಷ್ಟು ತಗ್ಗಿನ ದನಿ ಬರುವುದಿಲ್ಲ, ಅದಕ್ಕೆ ಸಬ್‌ವೂಫರ್ ಅಂತ ಬೇರೆಯೇ ಸ್ಪೀಕರ್ ಹಾಕಿಸಬೇಕು ಎಂದು. ಮಾರನೆಯ ದಿನವೇ ತಾತ ಕಾರು ತೆಗೆದರು. ದ್ವಾರಕಾಗೆ ಮೆಟ್ರೋ ಆಗತಾನೇ ಬಂದಿತ್ತು, ನಾವು ಹೊರಟಿದ್ದ ಕರೋಲ್‌ಬಾಗ್ ಮಾರ್ಕೆಟ್ಟಿಗೆ ನೇರ ಹೋಗುತ್ತಿತ್ತು. ಆದರೆ ಕಾರಿಗೆ ಹಾಕಿಸುವುದಕ್ಕೆ ಕಾರೇ ಹೋಗಬೇಕಲ್ಲ.

ಅಲ್ಲಿ ಒಂದು ಬೀದಿಯ ತುಂಬ ಕಾರಿನ ಸಾಮಾನಿನ ಅಂಗಡಿಗಳು. ರಸ್ತೆಯಲ್ಲೇ ಬಾಗಿಲು ತೆರೆದು ನಿಂತ ಕಾರುಗಳು, ಒಂದೊಂದರಲ್ಲಿ ಒಂದೊಂದು ಹಾಡು. ಅಂಗಡಿಯವನು ಮೊದಲು ಕಪ್ಪು ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯೊಂದನ್ನು ಡಿಕ್ಕಿಗೆ ಇಳಿಸಿದ. ಅದರ ಸ್ಪೀಕರು ಊಟದ ತಟ್ಟೆಯಷ್ಟಿತ್ತು. ಅವನದೇ ಒಂದು ಪಂಜಾಬಿ ಹಾಡು ಹಾಕಿದ. ನಮ್ಮ ಕಾರಿನ ನಂಬರ್ ಪ್ಲೇಟು ಗಡಗಡ ನಡುಗಿತು.

"ದೇಖಾ ಅಂಕಲ್‌ಜಿ? ಇಡೀ ಮೊಹಲ್ಲಾಕ್ಕೆ ಗೊತ್ತಾಗುತ್ತೆ ನೀವು ಬಂದ್ರಿ ಅಂತ!"

ತಾತ ನಮ್ಮ ಸಿಡಿ ಕೊಟ್ಟರು. ಡಗ್ಗಾ ಬಂತು. ಆದರೆ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತಿತ್ತು.

"ಇವರೇನಾ ನಿಮ್ಮಪ್ಪ?" ಎಂದು ತಾತ ಕನ್ನಡದಲ್ಲಿ ಕೇಳಿದರು.

"ಅಲ್ಲ. ಯಾರೋ ಅಕ್ಕಿಮೂಟೆ ಎತ್ತಿ ಹಾಕ್ತಿದ್ದಾರೆ," ಎಂದೆ.

ತಾತ ಬಿದ್ದು ಬಿದ್ದು ನಕ್ಕರು. ಪೆಟ್ಟಿಗೆ ಬೇಡವೆಂದರು. ಅಂಗಡಿಯವನಿಗೆ ಅರ್ಥವಾಗಲಿಲ್ಲ. ಡಿಕ್ಕಿ ಖಾಲಿ ಇರಬೇಕು, ಊರಿಂದ ರೈಲಿನಲ್ಲಿ ತೆಂಗಿನಕಾಯಿ ಬರುತ್ತೆ ಎಂದು ತಾತ ನೆಪ ಹೇಳಿದರು. "ಪೂರಾ ಡಿಕ್ಕಿ ನಾರಿಯಲ್?" ಎಂದು ಅವನು ನನ್ನ ಕಡೆ ನೋಡಿದ. ನಾನು ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದೆ.

ಕೊನೆಗೆ ಒಲ್ಲದ ಮನಸ್ಸಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತಂದ. ಸೀಟಿನ ಕೆಳಗೆ ಇಡುವಂಥದ್ದು. "ಇದರಲ್ಲಿ ಆ ಧಮಾಕಾ ಇಲ್ಲ ಅಂಕಲ್‌ಜಿ, ಆಮೇಲೆ ನನ್ನ ಬೈಬೇಡಿ," ಎಂದು ಮೊದಲೇ ಹೇಳಿದ. ನಂತರ, "ನಿಮ್ಮ ಸೀಟಿನ ಕೆಳಗೇ ಹಾಕ್ತೀನಿ. ಎಲ್ಲರೂ ಹಾಗೇ ಹಾಕಿಸೋದು. ಮಜಾ ಓಡಿಸುವವರಿಗೇ ಬರಬೇಕು."

"ಬೇಡ. ಎಡಗಡೆ ಸೀಟಿನ ಕೆಳಗೆ ಹಾಕು," ಎಂದರು ತಾತ.

"ಅಲ್ಲಿ ಯಾರು ಕೂರ್ತಾರೆ?"

ಅವನು ತಂತಿ ಎಳೆದು ಪೆಟ್ಟಿಗೆ ಕೂರಿಸಿದ ಮೇಲೆ ತಾತ ಮುಂದಿನ ಬಾಗಿಲು ತೆರೆದು ಹಿಡಿದು ನನಗೆ ಹೇಳಿದರು: "ಒಂದ್ಸಲ ಕೂತು ನೋಡು. ನಿಮ್ಮಪ್ಪ ಹೌದೋ ಅಲ್ಲವೋ ಹೇಳೋಕೆ ನೀನೇ ಬೇಕು. ಕಾರು ಎಲ್ಲಿಗೂ ಹೋಗ್ತಿಲ್ಲ."

ನಿಂತ ಕಾರಲ್ಲವೇ ಎಂದು ಕೂತೆ. ಹಾಡು ಶುರುವಾಯಿತು. ಪೆಟ್ಟು ಬೆನ್ನಿಗೆ ತಟ್ಟಿತು. ಒಂದೊಂದೂ ಬಿಡಿಬಿಡಿಯಾಗಿ, ನಡುವೆ ಅಂಗೈ ಜಾರುವ ಆ ಗುಂಯ್ ಸಮೇತ. ಗುಡಿಯ ಗೋಡೆಯೇ. ನನಗೆ ಸುಣ್ಣದ ವಾಸನೆ ಕೂಡ ಬಂದ ಹಾಗಾಯಿತು. ತಾತ ಹೊರಗೆ ಬಾಗಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಅಂದು ನಾನು ಹೇಳಿ ಮರೆತದ್ದನ್ನು ಇವರು ಇಷ್ಟು ವರ್ಷ ಇಟ್ಟುಕೊಂಡಿದ್ದರು ಎಂದು ಆಗ ತಿಳಿಯಿತು.

ಅವರು ಸುತ್ತಿ ಬಂದು ತಮ್ಮ ಸೀಟಿನಲ್ಲಿ ಕೂತರು. ನಾನು ಇಳಿದು ಹಿಂದೆ ಹೋಗಲು ಬಾಗಿಲಿಗೆ ಕೈ ಹಾಕಿದೆ.

"ಹಾಡು ಮುಗೀಲಿ. ಆಮೇಲೆ ಹಿಂದೆ ಹೋಗುವೆಯಂತೆ," ಎಂದು ಕಾರು ಹೊರಡಿಸಿದರು.

ನಮ್ಮೂರ ಭಜನೆ ಬೇಗ ಮುಗಿಯುವಂಥದ್ದಲ್ಲ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಯಾರೋ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಅಪ್ಪನ ಡಗ್ಗಾ ಬೆನ್ನ ಹಿಂದೆ, ಬಲಗಡೆ ನಿಮ್ಮ ತಾತ. ಅವರು ಉಂಗುರದ ಬೆರಳಿನಿಂದ ಸ್ಟೀರಿಂಗಿನ ಮೇಲೆ ಟಕ್ ಟಕ್ ಎಂದು ತಾಳ ಹಾಕುತ್ತಿದ್ದರು, ಎಲ್ಲವೂ ತಪ್ಪು. ಅಪ್ಪ ಬಾರಿಸಿದ ಮೇಲೆ ಒಂದು ಉಸಿರು ತಡವಾಗಿ. "ಏನೂಂದ್ರೆ, ಅದನ್ನಾದರೂ ನಿಲ್ಲಿಸಿ," ಎಂದೆ. ಅವರು ನಿಲ್ಲಿಸಲಿಲ್ಲ. ಸೊಸೈಟಿಯ ಗೇಟು ಬಂದಾಗ ಸೆರಗು ತಲೆಯ ಮೇಲೆ ಎಳೆದುಕೊಂಡೆ. ಹಿಂದಿನ ಸೀಟಿಗೆ ಮಾತ್ರ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ನಮಗೆ ಬಹಳ ವರ್ಷ ಸಿಗಲಿಲ್ಲ. ತಾತ ಹೋದಾಗ ನಿಮ್ಮಲ್ಲಿ ದೊಡ್ಡವನಿಗೆ ಹಲ್ಲು ಬರುತ್ತಿತ್ತು, ಚಿಕ್ಕವಳು ಹುಟ್ಟಿರಲಿಲ್ಲ. ಕಾರು ಮಾರುವಾಗ ನಿಮ್ಮಪ್ಪನಿಗೆ ಹೇಳಿ ಆ ಚಪ್ಪಟೆ ಪೆಟ್ಟಿಗೆಯನ್ನು ತೆಗೆಸಿ ಹೊಸ ಕಾರಿಗೆ, ಅದೇ ಎಡಗಡೆ ಸೀಟಿನ ಕೆಳಗೆ ಹಾಕಿಸಿದೆ. ಭಾನುವಾರ ಹೊರಡುವಾಗ ನೀವಿಬ್ಬರೂ ಮುಂದಿನ ಸೀಟಿಗೆ ಕಿತ್ತಾಡುತ್ತೀರಿ. ಯಾವಾಗಲೂ ಹಿಂದೆ ಸರಿದು ನಿಲ್ಲುವ ಅಜ್ಜಿ ಇದೊಂದನ್ನು ಯಾಕೆ ಬಿಡುವುದಿಲ್ಲ ಎಂದು ಹಿಂದಿಯಲ್ಲಿ ಗೊಣಗುತ್ತೀರಿ. ಅದಕ್ಕೇ ಇಷ್ಟು ಬರೆದೆ. ಓದಲು ಬಾರದ ಕಡೆ ಅಮ್ಮನಿಂದ ಓದಿಸಿಕೊಳ್ಳಿ.

ಡಗ್ಗಾ ಈಗಲೂ ಸರಿಯಾಗಿ ಬರುತ್ತದೆ. ಪೆಟ್ಟು ಬಿದ್ದ ಮೇಲೆ ನಾನು ಬಲಗಡೆ ಕಿವಿ ಕೊಟ್ಟು, ತಡವಾಗಿ ಬರುವ ಆ ಟಕ್‌ಗಾಗಿ ಒಂದು ಉಸಿರು ಕಾಯುತ್ತೇನೆ. ನಿಮ್ಮಪ್ಪ ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು ಸುಮ್ಮನೆ ಓಡಿಸುತ್ತಾನೆ.